ತಾಂಡೇಲರ ಕ್ಯಾಬಿನ್ನಿಗೆ ಯುದ್ಧದ ಸಾಮಾನು ಬಂದ ದಾರಿ

ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಬೋಟು ಬಂದು ನಿಂತರೆ ಎಲ್ಲರ ಕಣ್ಣೂ ಬುಟ್ಟಿಯ ಮೇಲೆ. ಬಂಗಡೆ ಎಷ್ಟು, ತಾರ್ಲೆ ಎಷ್ಟು, ಇವತ್ತಿನ ರೇಟು ಏನು. ಹೋದ ವಾರ ನಾನು ಬುಟ್ಟಿ ಬಿಟ್ಟು ಕ್ಯಾಬಿನ್ನಿನೊಳಗೆ ಇಣುಕುತ್ತಿದ್ದೆ. ಪರಿಚಯದ ತಾಂಡೇಲರು, ಅಂದರೆ ಬೋಟು ನಡೆಸುವವರು, ನೋಡಿ, "ಹೊರಗೆ ನಿಂತು ಏನು ನೋಡ್ತೀರಿ, ಒಳಗೇ ಬನ್ನಿ" ಅಂದರು. ಒಳಗೆ ಇಬ್ಬರು ನಿಲ್ಲುವಷ್ಟೇ ಜಾಗ. ಚುಕ್ಕಾಣಿ ಚಕ್ರ, ಅದರ ಮೇಲೆ ದೇವರ ಫೋಟೋ, ಫೋಟೋಕ್ಕೆ ಒಣಗಿದ ಹೂವು. ಪಕ್ಕದಲ್ಲಿ ಮೀನು ತೋರಿಸುವ ಸ್ಕ್ರೀನು, ಜಿಪಿಎಸ್ ಪೆಟ್ಟಿಗೆ, ವೈರ್‌ಲೆಸ್ ಸೆಟ್ಟು. ಹಿಂದುಗಡೆ ಡೆಕ್ಕಿನ ಮೇಲೆ ಗುಡ್ಡೆ ಹಾಕಿದ ನೈಲಾನ್ ಬಲೆ.

ಇದರಲ್ಲಿ ದೇವರ ಫೋಟೋ ಮತ್ತು ಹೂವು ಬಿಟ್ಟರೆ ಹೆಚ್ಚು ಕಡಿಮೆ ಎಲ್ಲವೂ ಒಂದಲ್ಲ ಒಂದು ಯುದ್ಧದಲ್ಲಿ ಬೆಳೆದ ಸಾಮಾನು. ಅದನ್ನು ಹೇಳಿದಾಗ ತಾಂಡೇಲರು ನಂಬಲಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಉಕ್ರೇನಿನಲ್ಲಿ ಯುದ್ಧ ಶುರುವಾದಾಗಿನಿಂದ ನಮ್ಮ ಊರಿನ ವಾಟ್ಸಾಪ್ ಗ್ರೂಪುಗಳಲ್ಲೂ ಒಂದು ಮಾತು ಓಡಾಡುತ್ತಿದೆ: "ಯುದ್ಧ ಆದ್ರೇನೇ ಪ್ರಪಂಚ ಮುಂದೆ ಹೋಗೋದು, ಎಲ್ಲ ದೊಡ್ಡ ಸಂಶೋಧನೆ ಬಂದಿದ್ದು ಯುದ್ಧದಿಂದ." ಈ ಮಾತು ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ಸುಮ್ನೆ ಬಿಟ್ಟುಬಿಡಬಹುದಿತ್ತು.

ಮೀನು ತೋರಿಸುವ ಸ್ಕ್ರೀನಿನಿಂದಲೇ ಶುರು ಮಾಡೋಣ. ಬೋಟಿನ ತಳದಲ್ಲಿರುವ ಒಂದು ತುಣುಕು ನೀರಿನೊಳಗೆ ಸದ್ದು ಬಿಡುತ್ತದೆ. ನಮ್ಮ ಕಿವಿಗೆ ಕೇಳದ ಸದ್ದು. ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 30 ಮೀಟರ್ ಆಳದ ನೆಲಕ್ಕೆ ಬಡಿದು ವಾಪಸ್ ಬರಲು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಸಾಕು. ನಡುವೆ ಮೀನಿನ ಹಿಂಡು ಇದ್ದರೆ ಸದ್ದು ಅಲ್ಲೇ ಬಡಿದು ಬೇಗ ತಿರುಗಿ ಬರುತ್ತದೆ, ಯಾಕೆಂದರೆ ಬಹಳ ಜಾತಿಯ ಮೀನುಗಳ ಹೊಟ್ಟೆಯಲ್ಲಿ ಗಾಳಿ ತುಂಬಿದ ಚೀಲ ಇರುತ್ತದೆ. ನೀರಿನೊಳಗೆ ಗಾಳಿ ಸಿಕ್ಕರೆ ಸದ್ದು ಜೋರಾಗಿ ಪ್ರತಿಧ್ವನಿಸುತ್ತದೆ. ಜಲಾಂತರ್ಗಾಮಿ ಅಂದರೂ ಅಷ್ಟೇ ಅಲ್ವಾ, ಗಾಳಿ ತುಂಬಿದ ಕಬ್ಬಿಣದ ದೊಡ್ಡ ಮೀನು.

ಈ ವಿದ್ಯೆ ಬೆಳೆದಿದ್ದೂ ಅದಕ್ಕಾಗಿಯೇ. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಒಂದರ ಹಿಂದೆ ಒಂದರಂತೆ ಮುಳುಗಿಸುತ್ತಿದ್ದಾಗ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲ್ಯಾಂಜವಿನ್ ಕ್ವಾರ್ಟ್ಸ್ ಹರಳಿಗೆ ವಿದ್ಯುತ್ ಕೊಟ್ಟು ನೀರಿನಲ್ಲಿ ಸದ್ದು ಹುಟ್ಟಿಸುವ ಉಪಕರಣ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ದೊಡ್ಡ ನೌಕಾಪಡೆಗಳಲ್ಲೆಲ್ಲ ಅದು ಇತ್ತು.

ಆದರೆ ನೌಕಾಪಡೆಯವರು ಯಾರೂ ಮೀನು ಹುಡುಕಲಿಲ್ಲ. ಹುಡುಕಿದ್ದು ಜಪಾನಿನ ನಾಗಸಾಕಿ ಪ್ರಾಂತದ ಫುರುನೋ ಅಣ್ಣತಮ್ಮಂದಿರು. ಅಣ್ಣ ಮೀನುಗಾರಿಕೆ ಬೋಟುಗಳಿಗೆ ವಿದ್ಯುತ್ ಕೆಲಸ ಮಾಡಿಕೊಡುತ್ತಿದ್ದ ಮನುಷ್ಯ. ಮೀನು ಇದ್ದ ಕಡೆ ನೀರಿನಿಂದ ಗುಳ್ಳೆ ಏಳುತ್ತದೆ ಎಂಬುದನ್ನು ಮೀನುಗಾರರ ಬಾಯಿಂದಲೇ ಕೇಳಿದ್ದ. ಯುದ್ಧದಲ್ಲಿ ಸೋತ ದೇಶ, ಅಣುಬಾಂಬು ಬಿದ್ದು ಮೂರು ವರ್ಷ ಆಗಿತ್ತಷ್ಟೇ, ಊಟಕ್ಕೆ ತತ್ವಾರ. ಸೇನೆಯಲ್ಲಿ ಮಿಕ್ಕುಳಿದ ಆಳ ಅಳೆಯುವ ಯಂತ್ರ ಹಿಡಿದು, ಅದನ್ನು ಬಿಚ್ಚಿ ಬದಲಾಯಿಸಿ, ಬೋಟು ಹತ್ತಿ ನೋಡಿ, 1948ರಲ್ಲಿ ಮಾರಾಟಕ್ಕೆ ಬರುವಂಥ ಮೀನು ಶೋಧಕ ಮಾಡಿದರು. ಇವತ್ತು ಕರಾವಳಿಯ ಬೋಟುಗಳ ಕ್ಯಾಬಿನ್ನಿನಲ್ಲಿ ಫುರುನೋ ಎಂಬ ಹೆಸರು ಹೊತ್ತ ಪೆಟ್ಟಿಗೆ ಕಂಡರೆ ಅದು ಅವರದೇ ಕಂಪನಿ.

ಇಲ್ಲಿ ಯುದ್ಧದ ಪಾಲು ಎಷ್ಟು, ಆ ಅಣ್ಣತಮ್ಮಂದಿರ ಪಾಲು ಎಷ್ಟು? ನನ್ನ ಲೆಕ್ಕದಲ್ಲಿ ಯುದ್ಧ ಕೊಟ್ಟಿದ್ದು ಗುಜರಿ ಸಾಮಾನು. ಅದು ಮೀನುಗಾರನ ಹೊಟ್ಟೆಪಾಡಿಗೆ ಬಂದಿದ್ದು, ಮೀನುಗಾರರ ಮಾತಿಗೆ ಕಿವಿಗೊಟ್ಟ ಒಬ್ಬ ರಿಪೇರಿಯವನಿಂದ.

ನೈಲಾನಿನದು ಚಿಕ್ಕ ಕಥೆ. ಅಮೆರಿಕದಲ್ಲಿ 1935ರಲ್ಲೇ ಅದನ್ನು ಕಂಡುಹಿಡಿದಾಗಿತ್ತು, 1940ರಲ್ಲಿ ಹೆಂಗಸರ ಕಾಲುಚೀಲವಾಗಿ ಅಂಗಡಿಗೂ ಬಂದಿತ್ತು. ಯುದ್ಧ ಬಂದಾಗ ಅಷ್ಟನ್ನೂ ಪ್ಯಾರಾಚೂಟಿಗೆ, ಹಗ್ಗಕ್ಕೆ ತಿರುಗಿಸಿದರು. ಯುದ್ಧ ಮುಗಿದ ಮೇಲೆ ಬಲೆಯಾಯಿತು. ನಮ್ಮ ಕರಾವಳಿಯಲ್ಲಿ ದಂಡೆಯಿಂದ ಜನ ಕೂಡಿ ಎಳೆಯುವ ರಂಪಣಿ ಬಲೆ ನೂಲು, ಸಣಬಿನದಾಗಿದ್ದ ಕಾಲದಲ್ಲಿ ಅದನ್ನು ಒಣಗಿಸುವುದು, ಕೊಳೆಯದಂತೆ ಅದಕ್ಕೆ ಬಣ್ಣ ಕಟ್ಟುವುದೇ ಅರ್ಧ ಕೆಲಸ. ನೈಲಾನು ಆ ಕೆಲಸ ಉಳಿಸಿತು. ಕೊಳೆಯುವುದಿಲ್ಲ ಎಂಬ ಅದೇ ಗುಣದಿಂದ ಈಗ ಹರಿದು ಸಮುದ್ರಕ್ಕೆ ಬಿದ್ದ ಬಲೆಯೂ ಕೊಳೆಯುವುದಿಲ್ಲ, ಸುಮ್ನೆ ಮೀನು, ಆಮೆ ಹಿಡಿಯುತ್ತಾ ತೇಲುತ್ತಿರುತ್ತದೆ.

ನೈಲಾನಿನಲ್ಲಿ ಒಂದು ವಿಷಯ ಗಮನಿಸಿ. ಕಂಡುಹಿಡಿದಿದ್ದು ಯುದ್ಧಕ್ಕೆ ಮೊದಲು. ಪೆನಿಸಿಲಿನ್ ಕೂಡ ಹಾಗೆಯೇ. ಫ್ಲೆಮಿಂಗ್ ಅದನ್ನು ಗಮನಿಸಿದ್ದು 1928ರಲ್ಲಿ. ಹತ್ತು ವರ್ಷಕ್ಕೂ ಜಾಸ್ತಿ ಅದು ಔಷಧಿಯಾಗದೆ ಉಳಿಯಿತು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಚೈನ್ ಅವರ ತಂಡ ಒಬ್ಬ ಪೊಲೀಸನಿಗೆ ಕೊಟ್ಟು ನೋಡಿತು. ಆತ ಚೇತರಿಸಿಕೊಳ್ಳತೊಡಗಿದ. ಆದರೆ ಔಷಧಿ ಅಷ್ಟೇ ಇದ್ದಿದ್ದು. ಆತನ ಮೂತ್ರದಿಂದಲೇ ಔಷಧಿ ಸೋಸಿ ತೆಗೆದು ಮತ್ತೆ ಕೊಟ್ಟರು, ಕೊನೆಗೆ ಅದೂ ಮುಗಿಯಿತು, ಆತ ತೀರಿಕೊಂಡ. ಮೂರೇ ವರ್ಷದ ನಂತರ, 1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯ ದಡಕ್ಕೆ ಇಳಿಯುವಾಗ 23 ಲಕ್ಷ ಡೋಸ್ ತಯಾರಿತ್ತು. ಒಬ್ಬನಿಗೆ ಸಾಲದ್ದು 23 ಲಕ್ಷ ಆಗಿದ್ದು ಹೇಗೆ ಅಂದರೆ, ಅಮೆರಿಕದ ಸರ್ಕಾರ ದುಡ್ಡಿನ ಮುಖ ನೋಡಲಿಲ್ಲ, ಒಂದರ ಮೇಲೊಂದು ಬೀಳುತ್ತಿದ್ದ ಔಷಧ ಕಂಪನಿಗಳನ್ನು ಒಂದೇ ಕೆಲಸಕ್ಕೆ ಹಚ್ಚಿತು.

ಯುದ್ಧ ಮಾಡುವುದು ಇದನ್ನೇ. ಹೊಸ ಬುದ್ಧಿ ಕೊಡುವುದು ಅಪರೂಪ. ಬುದ್ಧಿ ಮೊದಲೇ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ, ಯುದ್ಧ ಬಂದಾಗ ಅದಕ್ಕೆ ದುಡ್ಡು ಮತ್ತು ಅವಸರ ಎರಡೂ ಸಿಗುತ್ತದೆ. ಹಾಗಾದರೆ ಅದೇ ದುಡ್ಡು, ಅದೇ ಅವಸರ ಶಾಂತಿಯ ಕಾಲದಲ್ಲಿ ಯಾಕೆ ಸಿಗುವುದಿಲ್ಲ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಂಗನ ಕಾಯಿಲೆಗೆ ಪ್ರತಿ ಬೇಸಿಗೆ ಜನ ಮಲಗುತ್ತಾರೆ, ಕೆಲವರು ಸಾಯುತ್ತಾರೆ. ಆ ರೋಗ ಗುರುತಾಗಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ. ಸಿದ್ದಾಪುರದ ಕಾಡಂಚಿನ ಮನೆಯವರು ಇವತ್ತಿಗೂ ಹೊಸ ಲಸಿಕೆಗೆ ಕಾಯುತ್ತಾ ಕೂತಿದ್ದಾರೆ. ಸೈನಿಕರಿಗೆ ಬರುವ ರೋಗವಾಗಿದ್ದರೆ ಇಷ್ಟು ಕಾಯಬೇಕಿತ್ತಾ? ಇದನ್ನು ನಾನು ಸಿಟ್ಟಿನಿಂದಲೇ ಕೇಳುತ್ತಿದ್ದೇನೆ.

ಈಗ ಜಿಪಿಎಸ್. ತಾಂಡೇಲರಿಗೆ ಇದು ಮೀನು ಶೋಧಕಕ್ಕಿಂತ ಮುಖ್ಯ. ನೀರಿನಡಿ ಕಲ್ಲಿರುವ ಜಾಗದಲ್ಲಿ ಬಲೆ ಎಳೆದರೆ ಒಂದೇ ಸಲಕ್ಕೆ ಲಕ್ಷಗಟ್ಟಲೆ ನಷ್ಟ. ಹಿಂದೆ ಗುಡ್ಡದ ತುದಿ, ದ್ವೀಪದ ಮೂಲೆ, ದೇವಸ್ಥಾನದ ಶಿಖರ ನೋಡಿ ಗುರುತು ಹಿಡಿಯುತ್ತಿದ್ದರು. ಈಗ ಸ್ಕ್ರೀನಿನಲ್ಲಿ ಕಲ್ಲಿನ ಗುರುತು ಹಾಕಿ ಇಟ್ಟಿರುತ್ತಾರೆ, ಆ ಗುರುತುಗಳೇ ಒಬ್ಬ ತಾಂಡೇಲನ ಆಸ್ತಿ.

ಅಮೆರಿಕದ ಸೇನೆ ಈ ಯೋಜನೆ ಶುರು ಮಾಡಿದ್ದು 1973ರಲ್ಲಿ, ಕ್ಷಿಪಣಿಗೂ ಹಡಗಿಗೂ ದಾರಿ ತೋರಿಸಲು. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಒಂದು ಪ್ರಯಾಣಿಕರ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋಯಿತು, ಅವರು ಹೊಡೆದುರುಳಿಸಿದರು. 269 ಜನ ಸತ್ತರು. ಅದಾದ ಮೇಲೆ ಅಧ್ಯಕ್ಷ ರೇಗನ್, ಜಿಪಿಎಸ್ ತಯಾರಾದಾಗ ನಾಗರಿಕರಿಗೂ ಕೊಡುತ್ತೇವೆ ಎಂದು ಘೋಷಿಸಿದರು. ಕೊಟ್ಟರು ನಿಜ, ಆದರೆ ಬೇಕೆಂದೇ ಮಸುಕು ಮಾಡಿ ಕೊಟ್ಟರು. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಕಲ್ಲು ತಪ್ಪಿಸಬೇಕಾದ ತಾಂಡೇಲನಿಗೆ ನೂರು ಮೀಟರ್ ಅಂದರೆ ಬಲೆ ಉಳಿಯುವುದಕ್ಕೂ ಹರಿಯುವುದಕ್ಕೂ ಇರುವ ವ್ಯತ್ಯಾಸ. 2000ದ ಮೇ ತಿಂಗಳಲ್ಲಿ ಕ್ಲಿಂಟನ್ ಆದೇಶದ ಮೇಲೆ ಆ ಮಸುಕನ್ನು ತೆಗೆದರು. ಹತ್ತಿಪ್ಪತ್ತು ಮೀಟರಿನೊಳಗೆ ಬಂತು. ಮೊಬೈಲಿನಲ್ಲಿ ಮ್ಯಾಪ್ ನೋಡಿಕೊಂಡು ನಾವು ಯಾಣಕ್ಕೆ ದಾರಿ ಹುಡುಕುವುದೆಲ್ಲ ಆಮೇಲಿನ ಮಾತು.

ಯುದ್ಧಕ್ಕಾಗಿ ಹುಟ್ಟಿದ್ದು ಜನರಿಗೆ ಬಂದಿದ್ದು ಬೀಗ ತೆಗೆದ ದಿನ. ಬೀಗ ತೆಗೆಯಲು ಒಂದು ಆದೇಶ ಬೇಕಾಯಿತು, ಅದಕ್ಕೂ ಮುಂಚೆ 269 ಹೆಣ. ಬೀಗ ಕೊಟ್ಟವರ ಕೈಯಲ್ಲೇ ಕೀಲಿಕೈ ಇರುತ್ತದೆ ಎಂಬುದು 1999ರಲ್ಲಿ ಕಾರ್ಗಿಲ್ ಹೊತ್ತಿನಲ್ಲಿ ನಮಗೆ ಗೊತ್ತಾಯಿತು. ಆ ಪ್ರದೇಶದ ಜಿಪಿಎಸ್ ಮಾಹಿತಿ ಕೇಳಿದಾಗ ಅಮೆರಿಕ ಕೊಡಲಿಲ್ಲ ಎಂದು ಆಮೇಲೆ ಬಹಳ ಸಲ ವರದಿಯಾಗಿದೆ. ನಮ್ಮದೇ ಒಂದು ಬೇಕು ಅಂತ ಇಸ್ರೋ ಹೊರಟಿತು. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ, ಏಳನೆಯದು 2016ರ ಏಪ್ರಿಲ್‌ನಲ್ಲಿ. ಹೆಸರು ನಾವಿಕ್.

ಹೆಸರು ನಾವಿಕ್ ಆದರೂ ನಿಜವಾದ ನಾವಿಕರಿಗೆ ಅದು ಬಂದಿದ್ದು ಮತ್ತೊಂದು ಸಾವಿನ ನಂತರ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಬಹಳಷ್ಟು ಬೋಟುಗಳು ಆಗಲೇ ಆಳ ಸಮುದ್ರದಲ್ಲಿದ್ದವು. ಮೊಬೈಲ್ ಸಿಗ್ನಲ್ ದಡದಿಂದ ಸ್ವಲ್ಪ ದೂರಕ್ಕೇ ಮುಗಿಯುತ್ತದೆ, ವೈರ್‌ಲೆಸ್ಸಿಗೂ ಮಿತಿ ಇದೆ. ಎಚ್ಚರಿಕೆ ಅವರನ್ನು ಮುಟ್ಟಲೇ ಇಲ್ಲ. ಅದಾದ ಮೇಲೆ ಉಪಗ್ರಹದ ಮೂಲಕ ಸಂದೇಶ ಮುಟ್ಟಿಸುವ ಸಣ್ಣ ಪೆಟ್ಟಿಗೆಗಳು ಬಂದವು. ಈಗ ದೇಶದ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಎಂಬ ಅಂಥದೇ ಪೆಟ್ಟಿಗೆ ಉಚಿತವಾಗಿ ಹಾಕಿಸುವ ಯೋಜನೆ ನಡೆಯುತ್ತಿದೆ. ಅದರಲ್ಲಿ ಬಿರುಗಾಳಿಯ ಸುದ್ದಿ ಬರುತ್ತದೆ, ಮೀನು ಸಿಗಬಹುದಾದ ಜಾಗದ ಮಾಹಿತಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡದು, ಬೋಟಿನಿಂದ ದಡಕ್ಕೂ ಸಂದೇಶ ಕಳಿಸಬಹುದು. "ಎಂಜಿನ್ ಕೆಟ್ಟಿದೆ" ಅಂತ ಒಂದು ಗುಂಡಿ ಒತ್ತಿ ಹೇಳುವುದು ಏನು ಮಹಾ ಅನ್ನಿಸಬಹುದು. ರಾತ್ರಿಯಿಡೀ ಗಂಡನ ಫೋನು "ಸ್ವಿಚ್ ಆಫ್" ಅಂತ ಕೇಳಿಸಿಕೊಂಡು ಕೂತ ಹೆಂಗಸರನ್ನು ನಮ್ಮ ಕೇರಿಗಳಲ್ಲಿ ಕೇಳಿ ನೋಡಿ.

ಆದರೆ ನಾವಿಕ್ ಗಟ್ಟಿಯಾಗಿ ನಿಂತಿದೆ ಅಂತ ತಿಳಿಯಬೇಡಿ. ಉಪಗ್ರಹಗಳಲ್ಲಿ ಹಲವದರ ಪರಮಾಣು ಗಡಿಯಾರ ಕೆಟ್ಟಿದೆ, ಗಡಿಯಾರ ಕೆಟ್ಟರೆ ಜಾಗ ತೋರಿಸಲು ಆಗುವುದಿಲ್ಲ. 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್-02 ಎಂಬ ನಾವಿಕ್ ಉಪಗ್ರಹ ಸರಿಯಾದ ಕಕ್ಷೆಗೆ ಏರಲಿಲ್ಲ. ಯುದ್ಧದ ಬಿಸಿ ಇದ್ದಾಗ ಶುರುವಾದ ಕೆಲಸಗಳಿಗೆ ಇರುವ ಅಪಾಯವೇ ಇದು. ಬಿಸಿ ಆರಿದ ಮೇಲೆ ರಿಪೇರಿ, ಬದಲಿ ಸಾಮಾನು, ವರ್ಷವರ್ಷದ ಖರ್ಚು ಯಾರಿಗೂ ನೆನಪಿರುವುದಿಲ್ಲ.

ಬಿಸಿ ಆರುವುದು ಅಂದಾಗ ನಮ್ಮ ಜಿಲ್ಲೆಯ ಹಳೇ ಕಥೆಯೊಂದು ಹೇಳಲೇಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಿನ ಗಿರಣಿಗಳಿಗೆ ಹತ್ತಿ ಇಲ್ಲದೆ ಹೋಯಿತು, ಕೂಲಿಕಾರರು ಉಪವಾಸ ಬಿದ್ದರು. ಅವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಮೊದಲಿನಿಂದಲೂ ಘಟ್ಟ ಇಳಿದು ಕುಮಟಾಕ್ಕೆ ಬಂದು ಹಡಗು ಹತ್ತುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಹತ್ತಿ ಒಂದೆಳೆಯೂ ಬೆಳೆಯದ ಊರಿನ ಹೆಸರು ಹತ್ತಿಗೆ!

ಇನ್ನೂ ದೊಡ್ಡ ಬಂದರು ಬೇಕಾಯಿತು. ಕಾರವಾರದ ಕೊಲ್ಲಿ ಕಂಡಿತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಂದರು ಇರುವ ಉತ್ತರ ಕನ್ನಡ ಮದ್ರಾಸ್ ಪ್ರಾಂತದಲ್ಲಿ. ಕಾರವಾರವನ್ನು ಹತ್ತಿ ಬಂದರಾಗಿ ಬೆಳೆಸುವ ಒತ್ತಾಯ ಜೋರಾದ ಹೊತ್ತಿನಲ್ಲೇ, 1862ರಲ್ಲಿ, ನಮ್ಮ ಜಿಲ್ಲೆಯನ್ನು ಮುಂಬಯಿಗೆ ಸೇರಿಸಿದರು. ಮುಂದೆ ಸುಮಾರು ತೊಂಬತ್ತೈದು ವರ್ಷ ನಾವು ಮುಂಬಯಿ ಕಡೆಯವರಾಗಿ ಉಳಿದಿದ್ದರ ಹಿಂದೆ, ಸಾವಿರಾರು ಮೈಲಿ ಆಚೆ ಗುಲಾಮಗಿರಿಯ ಮೇಲೆ ನಡೆದ ಯುದ್ಧದ ಕೈಯೂ ಇತ್ತು. ಮ್ಯಾಂಚೆಸ್ಟರಿನವರು ಹತ್ತಿ ಒತ್ತುವ ಯಂತ್ರಗಳನ್ನು ಸದಾಶಿವಗಡಕ್ಕೆ ಕಳಿಸಿದರು. ಘಟ್ಟದ ರಸ್ತೆ ಇನ್ನೂ ತಯಾರಿರಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಮುಂಬಯಿಯ ಶೇರು ಪೇಟೆ ಮುಳುಗಿತು, ಕಾರವಾರದ ಕನಸೂ ಅದರ ಜೊತೆ ಹೋಯಿತು. ರೈಲು ಇತ್ತ ಬರಲೇ ಇಲ್ಲ, ಕ್ಯಾಸಲ್‌ರಾಕ್ ಮೇಲೆ ಹಾದು ಗೋವೆಯ ಮುರಗಾಂವಕ್ಕೆ ಇಳಿಯಿತು. ಕಾರವಾರ ರೈಲು ನೋಡಿದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆ ಬಂದಾಗ.

ಫುರುನೋ ಅಣ್ಣತಮ್ಮಂದಿರಿಗೂ ಕಾರವಾರಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ಯುದ್ಧದ ಸಾಮಾನನ್ನು ಊರಿನವರು ತಮ್ಮ ಕೆಲಸಕ್ಕೆ ಬಗ್ಗಿಸಿಕೊಂಡರು. ಇಲ್ಲಿ ಬಂದಿದ್ದು ಹೊರಗಿನವರ ಅವಸರ. ಅವಸರ ಮುಗಿಯಿತು, ಅವರು ಹೋದರು.

ಇನ್ನು ಘಟ್ಟ ಹತ್ತಿ ಶಿರಸಿಗೆ ಹೋಗೋಣ. ಕಷ್ಟಕಾಲದಿಂದ ಏನಾದರೂ ಒಳ್ಳೆಯದು ಬರಬೇಕಾದರೆ ಯುದ್ಧವೇ ಬೇಕು ಅನ್ನುವವರಿಗೆ ಒಂದು ಅಡಿಕೆ ತೋಟ ತೋರಿಸಬೇಕು, ಅದೂ ಮಳೆಗಾಲ ಶುರುವಾಗುವ ಹೊತ್ತಿನಲ್ಲಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಇನ್ನೊಂದರಲ್ಲಿ ಒಂದು ಕೆಜಿ ಸುಣ್ಣ 50 ಲೀಟರ್ ನೀರಿಗೆ. ಎರಡನ್ನೂ ಸೇರಿಸಿದರೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಆಕಾಶ ನೀಲಿ ಬಣ್ಣದ ದ್ರಾವಣ. ಬಲ್ಲವರು ಹೊಡೆಯುವ ಮೊದಲು ಹೊಳೆಯುವ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿಗೆ ಕೆಂಪು ಕಂದು ಕೂತಿದ್ದರೆ ಸುಣ್ಣ ಸಾಲಲಿಲ್ಲ ಅಂತ ಅರ್ಥ, ತಾಮ್ರ ಇನ್ನೂ ಬಿಡಿಯಾಗಿಯೇ ಇದೆ, ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಮತ್ತೆ ಸುಣ್ಣ ಹಾಕಿ, ಮತ್ತೆ ಚಾಕು ಅದ್ದಿ, ಅಲಗು ಬೆಳ್ಳಗೆ ಬಂದ ಮೇಲೆಯೇ ಪಂಪು ಶುರು.

ಈ ಬೋರ್ಡೋ ದ್ರಾವಣ ಬಂದಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳ ಕಷ್ಟಕಾಲದಿಂದ. ಅಲ್ಲಿಯ ಬಳ್ಳಿಗಳ ಬೇರನ್ನು ಒಂದು ಹುಳ ತಿಂದು ಹಾಕುತ್ತಿತ್ತು, ಅದಕ್ಕೆ ಪರಿಹಾರ ಅಂತ ಅಮೆರಿಕದ ಬಳ್ಳಿ ತರಿಸಿದರು, ಅದರ ಜೊತೆ ಬೂಜು ರೋಗ ಬಂತು. ರಸ್ತೆ ಪಕ್ಕದ ತೋಟದವರು ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು ಮೈಲುತುತ್ತ ಮತ್ತು ಸುಣ್ಣ ಎರಚಿದ್ದರು. 1882ರಲ್ಲಿ ಮಿಯಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ರಸ್ತೆ ಪಕ್ಕದ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿದ್ದನ್ನು ಕಂಡರು. 1885ಕ್ಕೆ ಅದನ್ನು ಎಲ್ಲರ ಮುಂದೆ ಇಟ್ಟರು. ನಮ್ಮ ಅಡಿಕೆಯ ಕೊಳೆ ರೋಗ ತರುವ ಜೀವಿ, ದ್ರಾಕ್ಷಿಯ ಆ ಬೂಜಿಗೆ ದಾಯಾದಿ. ಅದಕ್ಕೇ ಅದೇ ಮದ್ದು ಇಲ್ಲೂ ನಡೆಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಮಲೆನಾಡಿನ ಕೊಳೆ ರೋಗವನ್ನು ಅಧ್ಯಯನ ಮಾಡಿ ಬರೆದರು. ಅದಕ್ಕೂ ಹಿಂದಿನವರು ಮರ ಹತ್ತಿ ಒಂದೊಂದು ಕೊನೆಗೂ (ಅಡಿಕೆ ಗೊನೆಗೂ) ಮಳೆ ತಾಗದಂತೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. ಸಾವಿರ ಮರದ ತೋಟದಲ್ಲಿ ಅದು ಎಂಥ ಕೆಲಸ, ಯೋಚಿಸಿ.

ಒಬ್ಬರೂ ಒಬ್ಬರನ್ನು ಕೊಲ್ಲದೆ ಬಂದ ಮದ್ದು ಇದು. ಬೀಗ ಇರಲಿಲ್ಲ, ಮೈಲುತುತ್ತ ಸುಣ್ಣ ಯಾರಿಗೂ ಸಿಗುತ್ತಿತ್ತು, ಸಮುದ್ರ ದಾಟಿ ಬೇರೆ ಬೆಳೆಗೆ ಬಂತು.

ಅದೇ ತೋಟದಲ್ಲಿ ಈಗ ಇನ್ನೊಂದು ಕಷ್ಟ. ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ. ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ, ಬರಲಿ ಅಂತ ಹೇಳುವ ಮನಸ್ಸೂ ನನಗಿಲ್ಲ, ಮಳೆಗೆ ಜಾರುವ ಮರದಿಂದ ಬಿದ್ದು ಸೊಂಟ ಕಳೆದುಕೊಂಡವರನ್ನು ಕಂಡಿದ್ದೇನೆ. ಹೀಗಾಗಿ ಕಾರ್ಬನ್ ಫೈಬರ್ ದೋಟಿ ಬಂತು. ನೆಲದ ಮೇಲೆ ನಿಂತೇ 60 ಅಡಿ ಎತ್ತರದ ಕೊನೆಗೆ ಔಷಧಿ ಹೊಡೆಯಬಹುದು, ಕೊನೆ ಕೊಯ್ಯಬಹುದು. ಕಾರ್ಬನ್ ಫೈಬರನ್ನು ಇಷ್ಟು ಗಟ್ಟಿ ಮಾಡಿದವರಲ್ಲಿ ಬ್ರಿಟನ್ನಿನ ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದವರೂ ಇದ್ದರು, 1960ರ ದಶಕದಲ್ಲಿ. ವಿಮಾನಕ್ಕೆ, ಕ್ಷಿಪಣಿಗೆ ಬೇಕಾಗಿದ್ದ ವಸ್ತು. ಅದನ್ನು ಅಡಿಕೆ ಮರಕ್ಕೆ ಹೊಂದಿಸಿದ್ದು, ಕತ್ತಿ ಎಲ್ಲಿ ಕಟ್ಟಬೇಕು, ಬಿದ್ದ ಕೊನೆಯನ್ನು ಹೇಗೆ ಹಿಡಿಯಬೇಕು ಅಂತ ಲೆಕ್ಕ ಹಾಕಿದ್ದು ಮಲೆನಾಡಿನ ಕೃಷಿಕರು ಮತ್ತು ದೋಟಿ ಕೆಲಸ ಕಲಿತ ಹುಡುಗರು. ಫುರುನೋ ಕಥೆಯೇ ಮತ್ತೊಂದು ಸಲ.

ಇಷ್ಟೆಲ್ಲ ಹೇಳಿ ಬಿಲ್ಲು ಯಾರು ಕಟ್ಟಿದರು ಅಂತ ಹೇಳದಿದ್ದರೆ ನಮ್ಮ ಕರಾವಳಿಗೆ ಮೋಸ ಮಾಡಿದ ಹಾಗೆ. 1974ರಲ್ಲಿ ಪೋಖರಣ್ ಪರೀಕ್ಷೆಯಾದ ಮೇಲೆ ಕೆನಡಾ ಅಣುಶಕ್ತಿಯ ಸಹಾಯ ನಿಲ್ಲಿಸಿತು. ಭಾರಜಲದ ರಿಯಾಕ್ಟರನ್ನು ನಮ್ಮವರು ತಾವೇ ಕಟ್ಟಲು ಕಲಿತರು. ನಮ್ಮ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ ಸತತ 962 ದಿನ ಓಡಿ ವಿಶ್ವ ದಾಖಲೆ ಮಾಡಿತು. ಆ ದಾಖಲೆಯ ಹೆಮ್ಮೆ ನನಗೂ ಇದೆ. ಆದರೆ ಆ ಸ್ಥಾವರಕ್ಕೆ ನೀರು ಕೊಡುವ ಕದ್ರಾ ಅಣೆಕಟ್ಟಿನ ಹಿನ್ನೀರಿನಡಿ, ತೋಟ ಗದ್ದೆ ಬಿಟ್ಟು ಹೋದವರ ಊರುಗಳಿವೆ.

ನೌಕಾನೆಲೆಯದೂ ಹಾಗೇ. 1971ರ ಯುದ್ಧದ ನಂತರ ಮುಂಬಯಿ ಬಂದರು ಇಕ್ಕಟ್ಟಾಗಿದೆ, ಬೇರೆ ನೆಲೆ ಬೇಕು ಎಂಬ ಯೋಚನೆ ಬಂತು. 1986ರಲ್ಲಿ ಕಾರವಾರದ ಹತ್ತಿರ ಸೀಬರ್ಡ್ ಎಂಬ ನೌಕಾನೆಲೆ ಯೋಜನೆಗೆ ಶಂಕುಸ್ಥಾಪನೆ, 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಬಂತು. ಕಾರವಾರ, ಅಂಕೋಲಾ ತಾಲೂಕಿನ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಜಾಸ್ತಿ ಕುಟುಂಬ ಮನೆ, ಗದ್ದೆ, ಸಮುದ್ರದ ದಂಡೆ ಬಿಟ್ಟುಕೊಟ್ಟವು. ಗದ್ದೆಗೆ ಗುಂಟೆಯ ಲೆಕ್ಕ ಇತ್ತು. ರಂಪಣಿ ಎಳೆಯುತ್ತಿದ್ದ ದಂಡೆಗೆ ಯಾವ ಲೆಕ್ಕ? ಪರಿಹಾರಕ್ಕಾಗಿ ಕೋರ್ಟಿಗೆ ಅಲೆದು ಅಲೆದು ಮನೆಯ ಹಿರಿಯರು ತೀರಿಹೋದ ಮೇಲೆ ಮಕ್ಕಳ ಕೈಗೆ ದುಡ್ಡು ಬಂದ ಮನೆಗಳಿವೆ. ದೇಶಕ್ಕೆ ನೆಲೆ ಬೇಕಿತ್ತು, ನಾನು ಇಲ್ಲ ಅನ್ನುವುದಿಲ್ಲ. ಪೆನಿಸಿಲಿನ್ನಿಗೆ ತೋರಿಸಿದ ಅವಸರವನ್ನು ಪರಿಹಾರಕ್ಕೂ ತೋರಿಸಬಹುದಿತ್ತು ಅನ್ನುವುದು ನನ್ನ ಮಾತು.

ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗಿನ ಹತ್ತಿರ ಈಗ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಜಲಾಂತರ್ಗಾಮಿ ಹುಡುಕುವ ವಿಮಾನ ಅದು, ಸಮುದ್ರಕ್ಕೆ ತೇಲುವ ಕಿವಿಗಳನ್ನು ಉದುರಿಸಿ ನೀರಿನೊಳಗಿನ ಸದ್ದು ಕೇಳುತ್ತಿತ್ತು. ತಾಂಡೇಲರಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸ್ಕ್ರೀನು ನೋಡುತ್ತಾ ನಿಂತರು. ಆಮೇಲೆ ಅದರ ಮೇಲಿನ ಉಪ್ಪಿನ ಪದರವನ್ನು ಬೆರಳಿನಿಂದ ಒರೆಸಿ, "ಹಾಗಾದ್ರೆ ಇದೂ ಅದೂ ಒಂದೇ ಮನೆಯದು. ನಮ್ಮ ಮಾವನ ದಂಡೆ ಹೋಗಿದ್ದೂ ಅದೇ ಮನೆಗೆ" ಅಂದರು. ಅವರ ಹೆಂಡತಿಯ ತವರು ಅರ್ಗಾ, ನೆಲೆಗೆ ಹೋದ ಆ ಹಳ್ಳಿಗಳಲ್ಲಿ ಒಂದು.